ಬೆಂಕಿ ಬೀಳುವ ಮೊದಲೇ ಅಗ್ನಿಶಾಮಕ ಠಾಣೆಗೆ ಹೋಗಿ: ಕಲಬುರಗಿಯಲ್ಲಿ ಅಂಗಡಿ, ದಾಲ್ ಮಿಲ್, ಖಾನಾವಳಿ ನಡೆಸುವವರಿಗೆ

ಬೇಸಿಗೆ ಹತ್ತಿರ ಬಂದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮ ಅಂಗಡಿಗೆ ಫೈರ್ ಎನ್‌ಒಸಿ ಬೇಕಾ? ಎಲ್ಲಿ ಸಿಗುತ್ತೆ? ಯಾರನ್ನ ಹಿಡೀಬೇಕು?" ಕೇಳುವವರಲ್ಲಿ ಗಂಜ್‌ನ ವ್ಯಾಪಾರಿಗಳಿದ್ದಾರೆ, ಕಪನೂರ ಕೈಗಾರಿಕಾ ಪ್ರದೇಶದ ಮಿಲ್‌ನವರಿದ್ದಾರೆ, ಸ್ಟೇಷನ್ ರಸ್ತೆಯ ಲಾಡ್ಜ್‌ನವರು, ಪಿಜಿ ಮತ್ತು ಕೋಚಿಂಗ್ ಕ್ಲಾಸ್ ನಡೆಸುವವರೂ ಇದ್ದಾರೆ. ಉತ್ತರ ಕೆಳಗಿದೆ. ಅದಕ್ಕೂ ಮೊದಲು ಒಂದು ಮಾತು. ಯಾರನ್ನೂ ಹಿಡಿಯಬೇಕಿಲ್ಲ. ಠಾಣೆಗೆ ನೀವೇ ಹೋಗಬಹುದು. ಪತ್ರ ಒಂದು ಕೈಗೆ ಬಂದರೆ ಸಾಕು ಅಂದುಕೊಂಡು ಹೋದರೆ, ಅಲ್ಲಿ ಸಿಗುವ ಉಪಯೋಗದಲ್ಲಿ ದೊಡ್ಡ ಪಾಲನ್ನು ಬಿಟ್ಟು ಬಂದಂತಾಗುತ್ತದೆ.

ಅಗ್ನಿಶಾಮಕ ದಳ ಅಂದರೆ ಗಂಟೆ ಬಾರಿಸುತ್ತಾ ಓಡುವ ಕೆಂಪು ಗಾಡಿ ಅಂತಲೇ ನಮಗೆ ಗೊತ್ತು. ಆದರೆ ಅವರ ಕೆಲಸದಲ್ಲಿ ಬಹಳಷ್ಟು ನಡೆಯೋದು ಬೆಂಕಿ ಇಲ್ಲದ ದಿನಗಳಲ್ಲಿ. ಕಟ್ಟಡದ ನಕ್ಷೆ ನೋಡುತ್ತಾರೆ. ಸ್ಥಳಕ್ಕೆ ಬಂದು ಪರಿಶೀಲಿಸುತ್ತಾರೆ. ಶಾಲೆ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಅಣಕು ಪ್ರದರ್ಶನ ಮಾಡಿಸುತ್ತಾರೆ. ಅಣಕು ಪ್ರದರ್ಶನ ಅಂದರೆ ಬೆಂಕಿ ಬಿದ್ದಿದೆ ಅಂತ ಭಾವಿಸಿ ಎಲ್ಲರನ್ನೂ ಹೊರಗೆ ಕರೆತರುವ ತಾಲೀಮು. ತಮ್ಮ ಸರಹದ್ದಿನ ಗಲ್ಲಿಗಳು ಎಷ್ಟು ಅಗಲ, ನೀರು ಎಲ್ಲಿ ಸಿಗುತ್ತದೆ, ಯಾವ ಗೋದಾಮಿನಲ್ಲಿ ಏನಿದೆ ಅಂತ ತಿಳಿದುಕೊಂಡಿರಬೇಕಾದದ್ದೂ ಅವರ ಕೆಲಸವೇ. ಬೆಂಕಿಯ ಅಪಾಯ ಜಾಸ್ತಿ ಇರುವ ಜಾಗಗಳ ಮಾಲೀಕರಿಗೆ ಮುನ್ನೆಚ್ಚರಿಕೆ ತೆಗೆದುಕೊಳ್ಳಿ ಅಂತ ಸೂಚಿಸಲು 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯಲ್ಲೇ ಅವಕಾಶವಿದೆ.

ಇದು ಯಾಕೆ ಮುಖ್ಯ ಅಂತ ಒಂದು ಲೆಕ್ಕ ನೋಡಿ. ಸಾಧಾರಣ ವಾಟರ್ ಟೆಂಡರ್‌ನಲ್ಲಿ, ಅಂದರೆ ನೀರು ಹೊತ್ತು ಬರುವ ಅಗ್ನಿಶಾಮಕ ವಾಹನದಲ್ಲಿ, ಸುಮಾರು 4500 ಲೀಟರ್ ಹಿಡಿಯುತ್ತದೆ. ಒಂದು ಪೈಪಿನಿಂದ ನಿಮಿಷಕ್ಕೆ 450 ಲೀಟರ್ ಬಿಟ್ಟರೂ ಅದು ಹತ್ತು ನಿಮಿಷದಲ್ಲಿ ಖಾಲಿ. ಗೋಣಿಚೀಲ ತುಂಬಿದ ಗೋದಾಮು ಒಮ್ಮೆ ಹತ್ತಿಕೊಂಡರೆ ಹತ್ತು ನಿಮಿಷದ ನೀರಿಗೆ ಆರುವುದಿಲ್ಲ. ಹಾಗಾಗಿ ನಿಜವಾದ ರಕ್ಷಣೆ ಎಲ್ಲಾ ಬೆಂಕಿ ಬೀಳುವ ಮೊದಲೇ ಆಗಬೇಕು. ಅದರಲ್ಲಿ ಠಾಣೆಯವರ ಪಾಲು ಎಷ್ಟಿದೆಯೋ ನಿಮ್ಮ ಪಾಲೂ ಅಷ್ಟೇ ಇದೆ.

1. ನಿಮಗೆ ಯಾವ ಪತ್ರ ಬೇಕು ಅಂತ ತಿಳಿದುಕೊಳ್ಳಿ

ಎನ್‌ಒಸಿ ಅಂದರೆ ನಿರಾಕ್ಷೇಪಣಾ ಪತ್ರ. "ಈ ನಕ್ಷೆಯಂತೆ ಕಟ್ಟಲು ಅಗ್ನಿ ಸುರಕ್ಷತೆಯ ದೃಷ್ಟಿಯಿಂದ ನಮ್ಮ ಅಡ್ಡಿ ಇಲ್ಲ" ಅಂತ ಇಲಾಖೆ ಕೊಡುವ ಪತ್ರ. ಎತ್ತರದ ಕಟ್ಟಡಗಳಿಗೆ ಇದು ಎರಡು ಹಂತದಲ್ಲಿ ನಡೆಯುತ್ತದೆ. ಕಟ್ಟುವ ಮೊದಲು ನಕ್ಷೆ ನೋಡಿ ಎನ್‌ಒಸಿ. ಕಟ್ಟಿ ಮುಗಿದ ಮೇಲೆ, ಜನ ಒಳಗೆ ಬರುವ ಮೊದಲು, ಹೇಳಿದ್ದೆಲ್ಲಾ ಹಾಕಿದ್ದೀರಾ ಅಂತ ನೋಡಿ ಕೊಡುವ ಕ್ಲಿಯರೆನ್ಸ್ ಪತ್ರ. ಮೊದಲನೆಯದು ಸಿಕ್ಕ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುವವರು ಬಹಳ ಜನ. ಎರಡನೆಯದು ಇಲ್ಲದೆ ಬಾಡಿಗೆಗೆ ಕೊಡಬೇಡಿ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಮೇಲಿನದು ಎತ್ತರದ ಕಟ್ಟಡ. ಇದರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವ ಸುರಕ್ಷತೆಯ ಬಗ್ಗೆಯೇ ಇದೆ. ನಿಮ್ಮ ಎಂಜಿನಿಯರ್ ಅದನ್ನು ಓದಿದ್ದಾರಾ ಅಂತ ಕೇಳಲು ಸಂಕೋಚ ಬೇಡ. ಸಣ್ಣ ಕಟ್ಟಡ, ಒಂದೆರಡು ಮಹಡಿಯ ಅಂಗಡಿ ಆಗಿದ್ದರೆ ಠಾಣೆಯವರು ಬಂದು ನೋಡಿ ಕೊಡುವ ಸಲಹೆಯೇ ಸಾಕಾಗಬಹುದು. ಕಲ್ಯಾಣ ಮಂಟಪ, ಸಿನಿಮಾ ಮಂದಿರ, ಆಸ್ಪತ್ರೆ, ಹಾಸ್ಟೆಲ್ ತರಹ ಜನ ಸೇರುವ ಜಾಗಗಳನ್ನು ಎತ್ತರ ಕಡಿಮೆ ಇದ್ದರೂ ಬಿಗಿಯಾಗಿಯೇ ನೋಡುತ್ತಾರೆ. ನಿಮ್ಮದು ಯಾವ ಗುಂಪಿಗೆ ಸೇರುತ್ತದೆ ಅಂತ ಠಾಣಾಧಿಕಾರಿಯನ್ನೇ ಕೇಳಿ. ಅವರ ಮೇಲೆ ಜಿಲ್ಲಾ ಅಗ್ನಿಶಾಮಕ ಅಧಿಕಾರಿ, ಅವರ ಮೇಲೆ ಪ್ರಾದೇಶಿಕ ಅಗ್ನಿಶಾಮಕ ಅಧಿಕಾರಿ ಇರುತ್ತಾರೆ. ದೊಡ್ಡ ಕಟ್ಟಡಗಳ ಕಡತ ಮೇಲಿನ ಹಂತಕ್ಕೆ ಹೋಗುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ, ಉದ್ಘಾಟನೆಯ ದಿನ ಗೊತ್ತು ಮಾಡಿದ ಮೇಲೆ ಓಡಬೇಡಿ.

ಇಲ್ಲೊಂದು ಎಚ್ಚರಿಕೆ. "ನಾವು ಫೈರ್ ಇಲಾಖೆಯವರು, ಬೆಂಕಿ ನಂದಿಸುವ ಈ ಸಿಲಿಂಡರ್ ತಗೊಂಡರೆ ಎನ್‌ಒಸಿ ಬಂದಂಗೇ" ಅಂತ ಅಂಗಡಿಗೆ ಬಂದು ಮಾರುವವರನ್ನು ನಂಬಬೇಡಿ. ಗುರುತಿನ ಚೀಟಿ ಕೇಳಿ. ಅನುಮಾನ ಬಂದರೆ ಅವರ ಎದುರಲ್ಲೇ ಠಾಣೆಗೆ ಫೋನ್ ಮಾಡಿ.

2. ಕಾಗದ ಜೋಡಿಸಿಕೊಳ್ಳಿ

ಕಟ್ಟಡದ ನಕ್ಷೆ, ಪ್ರತಿ ಮಹಡಿಯ ಅಳತೆ, ಒಟ್ಟು ಎತ್ತರ, ಯಾವ ಮಹಡಿ ಯಾವ ಕೆಲಸಕ್ಕೆ, ನೀರಿನ ಟ್ಯಾಂಕಿನ ಅಳತೆ, ವಿದ್ಯುತ್ ಕಂಪನಿ ಜೆಸ್ಕಾಂ ಮಂಜೂರು ಮಾಡಿದ ಲೋಡ್, ಮಹಾನಗರ ಪಾಲಿಕೆಯ ಪರವಾನಗಿ. ಇಷ್ಟು ಕೈಯಲ್ಲಿ ಇಟ್ಟುಕೊಂಡು ಹೋಗಿ, ಇನ್ನೇನು ಬೇಕು ಅಂತ ಪಟ್ಟಿ ಬರೆಸಿಕೊಂಡು ಬನ್ನಿ. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿ, ನೆಲಮಾಳಿಗೆಯಲ್ಲಿ ಬಟ್ಟೆ ಗೋದಾಮು ಮಾಡಿದ್ದರೆ ಮೊದಲು ಅದನ್ನು ಖಾಲಿ ಮಾಡಿ. ಬಂದವರ ಕಣ್ಣಿಗೆ ಮೊದಲು ಬೀಳೋದೇ ಅದು.

3. ದಾರಿಗಳನ್ನು ನೋಡಿ

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಜನ ಸಾಯೋದು ಬೆಂಕಿಗಿಂತ ಜಾಸ್ತಿ ಹೊಗೆಯಿಂದ ಮತ್ತು ಮುಚ್ಚಿದ ಬಾಗಿಲಿನಿಂದ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. 2019ರ ಮೇ 24ರಂದು ಸೂರತ್‌ನ ಒಂದು ಕಟ್ಟಡದ ಮೇಲ್ಮಹಡಿಯ ಕೋಚಿಂಗ್ ಕ್ಲಾಸ್‌ನಲ್ಲಿ 22 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಕೆಳಗಿಳಿಯುವ ದಾರಿ ಬೆಂಕಿಗೆ ಸಿಕ್ಕಿತ್ತು, ಬೇರೆ ದಾರಿ ಇರಲಿಲ್ಲ. ನಮ್ಮ ಊರಲ್ಲೂ ಕೆಳಗೆ ಅಂಗಡಿ, ಮೇಲೆ ಕ್ಲಾಸ್, ನಡುವೆ ಒಂದೇ ಮೆಟ್ಟಿಲು ಇರುವ ಕಟ್ಟಡಗಳು ಕಡಿಮೆ ಇಲ್ಲ. ಅಂಥ ಕಟ್ಟಡದಲ್ಲಿ ಕ್ಲಾಸ್ ನಡೆಸುತ್ತಿದ್ದರೆ, ದಯವಿಟ್ಟು ಈ ಹಂತವನ್ನು ಇವತ್ತೇ ಮಾಡಿ.

ಮೆಟ್ಟಿಲ ಕೆಳಗೆ ನಿಂತು ನೋಡಿ. ಅಲ್ಲಿ ಏನಿದೆ? ಸಾಮಾನ್ಯವಾಗಿ ಮೀಟರ್ ಬೋರ್ಡ್, ಇನ್ವರ್ಟರ್ ಬ್ಯಾಟರಿ, ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್, ಖಾಲಿ ರಟ್ಟಿನ ಡಬ್ಬಿಗಳು. ಬೆಂಕಿ ಹುಟ್ಟಬಹುದಾದ ವಸ್ತು, ಉರಿಯುವ ವಸ್ತು ಎರಡನ್ನೂ ಹೊರಗೆ ಹೋಗುವ ದಾರಿಯ ಬುಡದಲ್ಲೇ ಇಟ್ಟಿರುತ್ತೇವೆ. ಮೀಟರ್ ಸರಿಸೋದು ಕಷ್ಟ. ಉಳಿದದ್ದನ್ನು ಇವತ್ತೇ ಸರಿಸಬಹುದು.

ಹೊರಹೋಗುವ ಬಾಗಿಲು ಕನಿಷ್ಠ 1 ಮೀಟರ್ ಅಗಲ ಇರಬೇಕು, ಕಲ್ಯಾಣ ಮಂಟಪದಂಥ ಜಾಗದಲ್ಲಿ 2 ಮೀಟರ್. ಬಾಗಿಲು ಹೊರಗಡೆಗೆ ತೆರೆಯಬೇಕು. ಗಾಬರಿಯಿಂದ ನುಗ್ಗುವ ಜನ ಒಳಕ್ಕೆ ತೆರೆಯುವ ಬಾಗಿಲಿಗೆ ಒತ್ತಿ ನಿಂತರೆ ಅದು ತೆರೆಯುವುದೇ ಇಲ್ಲ. ಕಳ್ಳರ ಭಯಕ್ಕೆ ಹಿಂದಿನ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಮಾಲೀಕರ ಮನೆಯಲ್ಲಿ ಇಡುವ ಪದ್ಧತಿ ಇದೆಯಲ್ವಾ, ಅದನ್ನು ಬಿಡಿ. ಜನ ಒಳಗಿರುವಷ್ಟು ಹೊತ್ತು ಬಾಗಿಲು ಕೀಲಿ ಇಲ್ಲದೆ ಒಳಗಿನಿಂದ ತೆರೆಯುವಂತಿರಬೇಕು. ಪಿಜಿ ಮತ್ತು ಹಾಸ್ಟೆಲ್‌ಗಳಲ್ಲಿ ರಾತ್ರಿ ಗ್ರಿಲ್ ಗೇಟಿಗೆ ಬೀಗ ಹಾಕುತ್ತಾರೆ. ಅದನ್ನು ತಪ್ಪಿಸಲಾಗದಿದ್ದರೆ ಪ್ರತಿ ಮಹಡಿಯಲ್ಲಿ ಒಬ್ಬರ ಹತ್ತಿರವಾದರೂ ಕೀಲಿ ಇರಲಿ. ಕಿಟಕಿಯ ಗ್ರಿಲ್‌ಗಳಲ್ಲಿ ಒಂದನ್ನಾದರೂ ತೆರೆಯುವಂತೆ ಮಾಡಿಸಿ.

ಹೊರಗಿನ ದಾರಿಯನ್ನೂ ನೋಡಿ. ಅಗ್ನಿಶಾಮಕ ವಾಹನ ಹೆಚ್ಚುಕಡಿಮೆ ಎರಡೂವರೆ ಮೀಟರ್ ಅಗಲ ಇರುತ್ತದೆ. ಅದರ ಬಾಗಿಲು ತೆರೆಯಬೇಕು, ಪೈಪ್ ಎಳೆಯಬೇಕು, ತಿರುಗಿಸಬೇಕು. ಬಟ್ಟೆ ಬಜಾರಿನ ಗಲ್ಲಿಗಳಲ್ಲಿ ಎರಡೂ ಕಡೆ ಬೈಕ್, ಮೇಲೆ ತಗಡಿನ ಚಾವಣಿ, ಅದರ ಮೇಲೆ ಫ್ಲೆಕ್ಸ್ ಬೋರ್ಡ್ ಇದ್ದರೆ ಗಾಡಿ ಮುಖ್ಯರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಒಂದೊಂದು ಪೈಪ್ ಸಾಮಾನ್ಯವಾಗಿ 15 ಮೀಟರ್ ಉದ್ದ. ಒಳಗೆ 100 ಮೀಟರ್ ಹೋಗಬೇಕೆಂದರೆ ಏಳು ಪೈಪ್ ಜೋಡಿಸಬೇಕು. ಇದನ್ನು ಒಬ್ಬ ಅಂಗಡಿಯವರಿಂದ ಸರಿಮಾಡಲಾಗದು. ಗಲ್ಲಿಯ ವ್ಯಾಪಾರಿಗಳೆಲ್ಲಾ ಕೂತು ಮಾತಾಡಿ, ಠಾಣೆಯವರನ್ನು ಕರೆದು, ಗಾಡಿಯನ್ನು ಒಮ್ಮೆ ಒಳಗೆ ತಂದು ತೋರಿಸಿ ಅಂತ ಕೇಳಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿಂದ ತೆರವು ಶುರು ಮಾಡಿ.

4. ಕರೆಂಟು

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟೋದು ಮಾಮೂಲು. ಕೂಲರ್, ಏಸಿ, ಫ್ರಿಜ್ ಎಲ್ಲಾ ಒಟ್ಟಿಗೆ ಓಡುತ್ತವೆ. ಹಳೇ ವೈರು ಅಷ್ಟು ಭಾರ ತಡೆಯೋದಿಲ್ಲ.

ಅಂಗಡಿ ಮುಚ್ಚುವ ಮೊದಲು ಪ್ಲಗ್ ಪಾಯಿಂಟುಗಳನ್ನು ಹತ್ತಿರದಿಂದ ನೋಡಿ. ತೂತಿನ ಸುತ್ತ ಬೆಂಕಿಪೊಟ್ಟಣದ ಕಡ್ಡಿ ತಾಗಿಸಿದಂತೆ ಕಂದು ಬಣ್ಣ ಬಂದಿದೆಯಾ? ಪ್ಲಾಸ್ಟಿಕ್ ಸ್ವಲ್ಪ ಉಬ್ಬಿದೆಯಾ? ಮೀನು ಕೊಳೆತಂಥ ವಾಸನೆ ಇದೆಯಾ? ಹೀಗಿದ್ದರೆ ಒಳಗೆ ಸಡಿಲವಾದ ತಂತಿ ಕಾದು ಕಾದು ಸುಡುತ್ತಿದೆ ಅಂತ ಅರ್ಥ. ಆ ಪಾಯಿಂಟ್ ಬಳಸೋದು ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನ ಕರೆಸಿ.

ಎಂಸಿಬಿ ಅಂದರೆ ಜಾಸ್ತಿ ಕರೆಂಟ್ ಹರಿದಾಗ ತಾನಾಗೇ ಬೀಳುವ ಸ್ವಿಚ್ಚು. ಅದು ಪದೇ ಪದೇ ಬೀಳುತ್ತಿದ್ದರೆ ದೊಡ್ಡದು ಹಾಕಿಸಿಬಿಡುವ ಅಭ್ಯಾಸ ಬಹಳ ಕೆಟ್ಟದ್ದು. ವೈರು ಅದೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಸ್ವಿಚ್ಚು ಬೀಳುವ ಮೊದಲು ವೈರು ಸುಡುತ್ತದೆ. ಜೊತೆಗೆ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ದಾರಿ ತಪ್ಪಿ ನೆಲಕ್ಕೋ ಮನುಷ್ಯನ ಮೈಗೋ ಸೋರಿದರೆ ಕೂಡಲೇ ಕಡಿಯುವ ಸಾಧನ ಅದು. ಮನುಷ್ಯರ ರಕ್ಷಣೆಗೆ 30 ಮಿಲಿಆಂಪಿಯರ್‌ದು ಬೇಕು. ಇವೆರಡೂ ಬೇರೆ ಬೇರೆ ಕೆಲಸ ಮಾಡುತ್ತವೆ, ಒಂದು ಇದ್ದರೆ ಇನ್ನೊಂದು ಬೇಡ ಅಂತಿಲ್ಲ. ಒಂದೂವರೆ ಟನ್ ಏಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರಿನ ಪ್ರತ್ಯೇಕ ಲೈನ್ ಎಳೆಸಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಏಸಿ, ಕೂಲರ್ ಸಿಕ್ಕಿಸಬೇಡಿ.

5. ದಾಲ್ ಮಿಲ್‌ನವರಿಗೆ

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಬೇಳೆ ತಯಾರಾಗುವ ಮಿಲ್‌ಗಳಲ್ಲಿ ಬೆಂಕಿಗೆ ಬೇಕಾದದ್ದೆಲ್ಲಾ ಒಂದೇ ಚಾವಣಿಯ ಕೆಳಗಿದೆ. ಹೊಟ್ಟು, ಗೋಣಿಚೀಲ, ಎಣ್ಣೆ, ಮೋಟಾರು, ಡೀಸೆಲ್ ಜನರೇಟರ್. ಎಲ್ಲಕ್ಕಿಂತ ಹೆಚ್ಚಾಗಿ ಧೂಳು.

ಧೂಳನ್ನು ಹಗುರವಾಗಿ ನೋಡಬೇಡಿ. ತೊಗರಿಯ ನುಣುಪು ಧೂಳು ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಕಿಡಿ ಸಿಕ್ಕರೆ ಸ್ಫೋಟಿಸಬಲ್ಲದು. ತಲೆ ಎತ್ತಿ ತೊಲೆಗಳ ಮೇಲೆ, ಟ್ಯೂಬ್‌ಲೈಟ್ ಪಟ್ಟಿಯ ಮೇಲೆ, ಮೋಟಾರಿನ ರೆಕ್ಕೆಗಳ ಸಂದಿಯಲ್ಲಿ ನೋಡಿ. ಬೆರಳಿಂದ ಗೀಚಿದರೆ ಗೆರೆ ಬೀಳುವಷ್ಟಿದ್ದರೆ ಗುಡಿಸುವ ದಿನ ಬಂದಿದೆ. ಕಂಪ್ರೆಸರ್ ಗಾಳಿ ಬಿಟ್ಟು ಹಾರಿಸಬೇಡಿ, ಹಾಗೆ ಮಾಡಿದರೆ ಧೂಳೆಲ್ಲಾ ಒಮ್ಮೆಗೇ ಗಾಳಿಗೆ ಏಳುತ್ತದೆ. ಮಿಲ್ ನಿಲ್ಲಿಸಿ, ಮೆತ್ತಗೆ ಗುಡಿಸಿ ಅಥವಾ ಧೂಳಿನ ಕೆಲಸಕ್ಕೆ ತಕ್ಕ ವ್ಯಾಕ್ಯೂಮ್‌ನಿಂದ ಎಳೆಸಿ.

ಕಾಳನ್ನು ಮೇಲಕ್ಕೆ ಎತ್ತುವ ಎಲಿವೇಟರ್‌ನ ಬೇರಿಂಗು, ಜಾರುವ ಬೆಲ್ಟು, ಕಾಳಿನ ಜೊತೆ ಬಂದ ಮೊಳೆ. ಕಿಡಿ ಹುಟ್ಟುವ ಜಾಗಗಳು ಇವು. ಕಾಳು ಒಳಗೆ ಹೋಗುವಲ್ಲಿ ಅಯಸ್ಕಾಂತ ಹಾಕಿಸಿ. ಬೇರಿಂಗಿಗೆ ಗ್ರೀಸ್ ಹಾಕಿದ ದಿನವನ್ನು ಗೋಡೆಯ ಮೇಲೆ ಬರೆದಿಡಿ. ಒದ್ದೆ ಹೊಟ್ಟನ್ನು ರಾಶಿ ಹಾಕಬೇಡಿ, ಒಳಗೊಳಗೇ ಬಿಸಿಯಾಗಿ ತಾನಾಗೇ ಹೊಗೆಯಾಡಬಹುದು. ಬೀಡಿ, ಸಿಗರೇಟು ಗೇಟಿನ ಹೊರಗೆ.

ವೆಲ್ಡಿಂಗ್ ಮಾಡಿಸುವ ದಿನ ಬೇರೆ ಕೆಲಸ ಏನೂ ಇಟ್ಟುಕೊಳ್ಳಬೇಡಿ. ಕಿಡಿ ಹತ್ತು ಮೀಟರ್‌ವರೆಗೂ ಹಾರಬಲ್ಲದು. ಸುತ್ತಲೂ ಅಷ್ಟು ದೂರದವರೆಗೆ ಚೀಲ, ಹೊಟ್ಟು ತೆಗೆಸಿ, ನೆಲ ಒದ್ದೆ ಮಾಡಿಸಿ, ನೀರಿನ ಬಕೆಟ್ ಹಿಡಿದು ಒಬ್ಬರನ್ನು ನಿಲ್ಲಿಸಿ. ವೆಲ್ಡರ್ ಹೋದ ಮೇಲೂ ಒಂದು ಗಂಟೆ ಆ ಮನುಷ್ಯ ಅಲ್ಲೇ ಇರಲಿ. ಚೀಲದೊಳಗೆ ಬಿದ್ದ ಕಿಡಿ ನಿಧಾನವಾಗಿ ಏಳುತ್ತದೆ. ಯಾದಗಿರಿ, ಶಹಾಪುರ ಕಡೆಯ ಹತ್ತಿ ಜಿನ್ನಿಂಗ್ ಮಿಲ್‌ನವರೂ ಇದನ್ನು ತಪ್ಪದೆ ಪಾಲಿಸಬೇಕು. ಹತ್ತಿಯಲ್ಲಿ ಕಿಡಿ ಇನ್ನೂ ಹೆಚ್ಚು ಹೊತ್ತು ಅಡಗಿರುತ್ತದೆ.

6. ಖಾನಾವಳಿ, ಹೋಟೆಲ್, ಮಿರ್ಚಿ ಭಜಿ ಅಂಗಡಿ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ಕೂರುತ್ತದೆ. ನೆಲಮಾಳಿಗೆಯಲ್ಲಿ ಸಿಲಿಂಡರ್ ಇಡಬಾರದು ಅನ್ನೋದು ಅದಕ್ಕೇ. ವಾಸನೆ ಬಂದರೆ ಲೈಟು ಹಾಕಬೇಡಿ, ಆರಿಸಲೂ ಬೇಡಿ, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆ ಇರುವ ಸಹಾಯವಾಣಿ. ರಬ್ಬರ್ ಪೈಪ್ ಮೇಲೆ ಮುದ್ರಿಸಿರುವ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಬದಲಿಸಿ.

ಪರವಾನಗಿ ಇಲ್ಲದೆ 100 ಕೆಜಿವರೆಗೆ ಎಲ್‌ಪಿಜಿ ಇಡಬಹುದು. 19 ಕೆಜಿಯ ಐದು ಸಿಲಿಂಡರಿಗೆ 95 ಕೆಜಿ ಆಯಿತು. ಆರನೆಯದು ಬಂದರೆ ಮಿತಿ ದಾಟಿದಿರಿ.

ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ನೀರು ಆವಿಯಾದಾಗ ಸುಮಾರು 1700 ಪಟ್ಟು ಹಿಗ್ಗುತ್ತದೆ. ಬಾಣಲೆಯ ಎಣ್ಣೆಯನ್ನು ಉರಿಯುತ್ತಲೇ ಚಾವಣಿಗೆ ಎರಚುತ್ತದೆ. ಗ್ಯಾಸ್ ಬಂದ್ ಮಾಡಿ, ಬಾಣಲೆಗೆ ತಕ್ಕ ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಆ ಮುಚ್ಚಳ ಒಲೆಯ ಪಕ್ಕದಲ್ಲೇ ತೂಗುಹಾಕಿರಲಿ.

7. ಬೆಂಕಿ ನಂದಿಸುವ ಸಿಲಿಂಡರ್

ಕಾಗದ, ಬಟ್ಟೆ, ಕಟ್ಟಿಗೆಯ ಬೆಂಕಿ ಎ ವರ್ಗ. ಪೆಟ್ರೋಲ್, ಡೀಸೆಲ್‌ನಂಥ ದ್ರವ ಬಿ. ಗ್ಯಾಸ್ ಸಿ. ಮೂರಕ್ಕೂ ಆಗುವುದು ಎಬಿಸಿ ಪುಡಿಯ ಸಿಲಿಂಡರ್, ಸಾಮಾನ್ಯ ಅಂಗಡಿಗೆ ಅದು ಸಾಕು. ಕಂಪ್ಯೂಟರ್, ಪ್ಯಾನೆಲ್ ಬೋರ್ಡ್ ಇರುವಲ್ಲಿ ಇಂಗಾಲದ ಡೈಆಕ್ಸೈಡ್‌ನದು ಒಳ್ಳೆಯದು, ಪುಡಿ ಉಳಿಯೋದಿಲ್ಲ. ಐಎಸ್ಐ ಗುರುತು ನೋಡಿ ಕೊಳ್ಳಿ. ಅಂಗಡಿಯ ಯಾವ ಮೂಲೆಯಿಂದ ಹೊರಟರೂ 15 ಮೀಟರ್ ಒಳಗೆ ಒಂದು ಕೈಗೆ ಸಿಗಬೇಕು. ಬಾಗಿಲ ಹತ್ತಿರ ತೂಗುಹಾಕಿ.

ತಪ್ಪಾಗೋದು ಎಲ್ಲಿ ಅಂದರೆ, ತಂದು ಹಾಕಿದ ಮೇಲೆ ಮರೆತುಬಿಡುತ್ತಾರೆ. ತಿಂಗಳಿಗೊಮ್ಮೆ ಒಳಗಿನ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯಾ, ಪಿನ್ ಇದೆಯಾ ನೋಡಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ಅದನ್ನು ತೂಕ ಹಾಕಿಯೇ ತಿಳಿಯಬೇಕು. ಇನ್ನೊಂದು, ಅಂಗಡಿಯ ಹುಡುಗರಿಗೆ ಬಳಸಲು ಬರುವುದೇ ಇಲ್ಲ. ಪಿನ್ ಎಳೆಯಬೇಕು, ಬೆಂಕಿಯ ಬುಡಕ್ಕೆ ಗುರಿ ಇಡಬೇಕು, ಹಿಡಿ ಒತ್ತಬೇಕು, ಆ ಕಡೆಯಿಂದ ಈ ಕಡೆಗೆ ಆಡಿಸಬೇಕು. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಓಡಬೇಕು. ನಿಮ್ಮ ಬೆನ್ನ ಹಿಂದೆ ಯಾವಾಗಲೂ ಬಾಗಿಲು ಇರುವಂತೆ ನಿಲ್ಲಿ.

ಇದನ್ನು ಕಲಿಯಲು ಠಾಣೆಯವರನ್ನೇ ಕೇಳಿ. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ ಪ್ರಾಣ ತೆತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಆಚರಿಸುವ ವಾರ ಅದು. ಆಗ ಅಣಕು ಪ್ರದರ್ಶನಗಳು ನಡೆಯುತ್ತವೆ. ನಿಮ್ಮ ಮಾರ್ಕೆಟ್ಟಿಗೆ ಬನ್ನಿ ಅಂತ ಮಾರ್ಚ್‌ನಲ್ಲೇ ಪತ್ರ ಕೊಡಿ.

8. ನೀರು

ಊರಿಗೆ ನೀರು ಬರೋದು ಭೀಮಾ ಮತ್ತು ಬೆಣ್ಣೆತೊರೆಯಿಂದ. ಬೇಸಿಗೆಯಲ್ಲಿ ಅದರ ಪರಿಸ್ಥಿತಿ ನಿಮಗೇ ಗೊತ್ತು. ಬೆಂಕಿಗೆ ಅಂತ ಇಟ್ಟ ಟ್ಯಾಂಕಿನ ನೀರನ್ನು ತೊಳೆಯಲು, ಗಿಡಕ್ಕೆ ಬಳಸಬೇಡಿ. ನಿಮ್ಮಲ್ಲಿ ಬಾವಿಯೋ ದೊಡ್ಡ ಸಂಪೋ ಇದ್ದರೆ ಠಾಣೆಗೆ ತಿಳಿಸಿ. ಪಕ್ಕದ ಬೀದಿಯಲ್ಲಿ ಬೆಂಕಿ ಬಿದ್ದ ದಿನ ಅವರಿಗೆ ಅದು ಬೇಕಾಗುತ್ತದೆ.

9. ಪಟಾಕಿ ಮಳಿಗೆ, ಪೆಂಡಾಲು

ದೀಪಾವಳಿಗೆ ಪಟಾಕಿ ಮಳಿಗೆ ಹಾಕುವವರಿಗೆ 2008ರ ಸ್ಫೋಟಕ ನಿಯಮಗಳಿವೆ. ಮಳಿಗೆಯನ್ನು ಉರಿಯದ ಸಾಮಗ್ರಿಯಿಂದ ಕಟ್ಟಬೇಕು. ಒಂದಕ್ಕೊಂದು ಕನಿಷ್ಠ 3 ಮೀಟರ್ ಅಂತರ ಇರಬೇಕು, ಎದುರುಬದುರು ಇರಬಾರದು. ಒಂದೇ ಕಡೆ 50ಕ್ಕಿಂತ ಜಾಸ್ತಿ ಮಳಿಗೆ ಸೇರಬಾರದು. ಎಣ್ಣೆ ದೀಪ, ಗ್ಯಾಸ್ ದೀಪ ಒಳಗೆ ಬೇಡ. ಜಾತ್ರೆ, ಉರುಸು, ಮದುವೆಯ ಪೆಂಡಾಲಿನವರು ಅಡುಗೆಯನ್ನು ಪೆಂಡಾಲಿನಿಂದ ದೂರ ಇಡಿ. ಬಟ್ಟೆಯ ಕೆಳಗೆ ಹ್ಯಾಲೊಜನ್ ದೀಪ ಕಟ್ಟಬೇಡಿ.

10. ಆದರೂ ಬೆಂಕಿ ಬಿದ್ದರೆ

101 ಅಥವಾ 112. ಮೊದಲು ಫೋನ್, ಆಮೇಲೆ ನಂದಿಸುವ ಪ್ರಯತ್ನ. ಇಬ್ಬರಿದ್ದರೆ ಎರಡೂ ಒಟ್ಟಿಗೆ. ಮಾಲೀಕರನ್ನು ಕೇಳಿ ಫೋನ್ ಮಾಡೋಣ ಅಂತ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಯಾರು ನೋಡಿದರೋ ಅವರೇ ಮಾಡಲಿ ಅಂತ ಇವತ್ತೇ ಎಲ್ಲ ಕೆಲಸಗಾರರಿಗೂ ಹೇಳಿಡಿ.

ಬರೀ "ಗಂಜ್‌ನಲ್ಲಿ ಬೆಂಕಿ" ಅಂದರೆ ಸಾಲದು. ಯಾವ ರಸ್ತೆಯಿಂದ ಒಳಗೆ ಬರಬೇಕು, ಹತ್ತಿರದ ಗುಡಿ ಅಥವಾ ಬ್ಯಾಂಕ್ ಯಾವುದು, ಉರಿಯುತ್ತಿರುವುದು ಏನು, ಒಳಗೆ ಜನ ಇದ್ದಾರಾ, ಸಿಲಿಂಡರ್ ಅಥವಾ ಡೀಸೆಲ್ ಇದೆಯಾ ಹೇಳಿ. ಸಾಧ್ಯವಾದರೆ ಮೇನ್ ಸ್ವಿಚ್ ಬಂದ್ ಮಾಡಿ. ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ ಗಾಡಿಗೆ ದಾರಿ ತೋರಿಸಲು ನಿಲ್ಲಿಸಿ. ಬೈಕುಗಳನ್ನು ತೆಗೆಸಿ. ಹೊರಗೆ ಬಂದ ಯಾರನ್ನೂ ಗಲ್ಲಾಪೆಟ್ಟಿಗೆಗೆ ಅಂತ ಮತ್ತೆ ಒಳಗೆ ಬಿಡಬೇಡಿ. ಫೋನಿನಲ್ಲಿ ಆ ಕಡೆಯವರು ಸಾಕು ಅನ್ನುವ ತನಕ ನೀವು ಕಾಲ್ ಕಟ್ ಮಾಡಬೇಡಿ.